ಹಳೇಬೀಡಿನ ‘ಮುಂದಿನ ಬ್ರೇಕು’ ಚನ್ನೇಶ್

ಹಳೇಬೀಡಿನ ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ದೇವಸ್ಥಾನದ ಮುಂದೆ ಫೋಟೊ, ಮಣಿಸರ ಮಾರುವವರ ತಳ್ಳುಗಾಡಿಗಳು ಟಾರ್ಪಾಲು ಹೊದ್ದು ನಿಂತಿವೆ. ಬಸ್ ನಿಲ್ದಾಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಾತ್ರ ಸೀಮೆಎಣ್ಣೆ ಸ್ಟೌ ಉರಿಯುತ್ತಿದೆ. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಲಗೈ ಕಾಯಿಸಿಕೊಳ್ಳುತ್ತಿರುವವರು ಬೈಕ್ ಮೆಕ್ಯಾನಿಕ್ ಚನ್ನೇಶ್. ನಲವತ್ತರ ಆಸುಪಾಸಿನ ಆಳು. ಚಳಿಗಾಲದಲ್ಲಿ ಹೀಗೆ ಕಾಯಿಸದಿದ್ದರೆ ಆ ಕೈ ಸ್ಪ್ಯಾನರ್ ಹಿಡಿಯುವುದಿಲ್ಲ. ಕೊನೆಯ ಎರಡು ಬೆರಳುಗಳಂತೂ ಎಷ್ಟು ಕಾಯಿಸಿದರೂ ಮಡಚುವುದಿಲ್ಲ. ಆರು ವರ್ಷದಿಂದ ಅವು ಹಾಗೇ ಸೆಟೆದುಕೊಂಡಿವೆ.

ಮೊದಲ ಗಿರಾಕಿ ಹಾಲಿನ ಜವರಣ್ಣ. ಹೊಸ ಬೈಕು, ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ಬಿಚ್ಚಿಲ್ಲ. ಇಳಿದವರೇ ಹ್ಯಾಂಡಲ್ ತೋರಿಸುತ್ತಾರೆ.

“ಮುಂದಿನ್ ಬ್ರೇಕಿನ ಕೇಬಲ್ ಒಂದು ತೆಗ್ದುಬಿಡು ಚನ್ನೇಶ. ಹುಡುಗ್ರು ಓಡಿಸ್ತಾವೆ. ಗೊತ್ತಿಲ್ದೆ ಅಮುಕಿಬಿಟ್ರೆ ಕಷ್ಟ.”

“ತೆಗ್ಯಾಕಿಲ್ಲ ಕಣಣ್ಣ. ಹೆಂಗೆ ಅಮುಕ್ಬೇಕು ಅಂತ ಬೇಕಾದ್ರೆ ಹೇಳ್ಕೊಡ್ತೀನಿ, ಹುಡುಗ್ರನ್ನ ಕಳ್ಸು.”

“ಅಮುಕಿದೋನು ನೀನು ಏನಾದೆ ಅಂತ ಊರೇ ನೋಡೈತಲ್ಲ,” ಎಂದು ಜವರಣ್ಣ ಬೇಸರವಿಲ್ಲದೆ ನಗುತ್ತಾರೆ. ಬೈಕು ತಳ್ಳಿಕೊಂಡು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಆ ಕೆಲಸ ಎರಡೇ ನಿಮಿಷದ್ದು. ಚನ್ನೇಶ್ ಸ್ಟೌ ಆರಿಸಿ, ನಿನ್ನೆ ಬಿಚ್ಚಿಟ್ಟ ಎಂಜಿನ್ನಿನ ಕಡೆ ತಿರುಗುತ್ತಾರೆ. ಬೆಳಗಿನ ಬೋಣಿ ಕೈತಪ್ಪಿದ್ದಕ್ಕೆ ಅವರು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಆದರೆ ಆ ಬೈಕು ಮತ್ತೆ ಸ್ಟಾರ್ಟ್ ಆಗಿ ಹೊರಡುವವರೆಗೂ ಅವರ ಕಿವಿ ಅತ್ತಲೇ ಇರುತ್ತದೆ.

ಅರಸೀಕೆರೆಯಿಂದ ಬೇಲೂರಿನವರೆಗೆ ಬೈಕು ಇಟ್ಟುಕೊಂಡ ಯಾರನ್ನಾದರೂ ಕೇಳಿ, ಮುಂದಿನ ಬ್ರೇಕು ಹಿಡಿದರೆ ಗಾಡಿ ಮುಗ್ಗರಿಸಿ ಆಳು ತಲೆಕೆಳಗಾಗಿ ಹಾರುತ್ತಾನೆ ಎಂದೇ ಹೇಳುತ್ತಾರೆ. ರಸ್ತೆಯಲ್ಲಿ ಬರೀ ಮಣ್ಣು ಮರಳು ಇದ್ದ ಕಾಲದಲ್ಲಿ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ರಸ್ತೆಗೆ ಟಾರು ಬಂತು, ಗಾಡಿಗಳಿಗೆ ವೇಗ ಬಂತು, ಭಯ ಮಾತ್ರ ಹಳೆಯದೇ ಉಳಿಯಿತು. ಹೊಸ ಬೈಕಿಗೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿ, ಅಲ್ಲಿಂದ ಸೀದಾ ಮೆಕ್ಯಾನಿಕ್ ಹತ್ತಿರ ಬಂದು ಮುಂದಿನ ಬ್ರೇಕು ಬಿಚ್ಚಿಸಿಕೊಂಡು ಹೋಗುವುದು ಇಲ್ಲಿ ಇವತ್ತಿಗೂ ನಡೆದುಬಂದ ಪದ್ಧತಿ. ದೇವರಿಗೆ ಕೈಮುಗಿದಷ್ಟೇ ನಿಷ್ಠೆಯಿಂದ ಅದನ್ನೂ ಮಾಡುತ್ತಾರೆ.

ಚನ್ನೇಶ್ ಕೂಡ ಇದೇ ಪದ್ಧತಿಯಲ್ಲಿ ಬೆಳೆದವರು. ಹೈಸ್ಕೂಲು ಬಿಟ್ಟ ಮೇಲೆ ಅರಸೀಕೆರೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿದ್ದ ಕರಿಯಪ್ಪ ಮೇಸ್ತ್ರಿಯವರ ಗ್ಯಾರೇಜಿಗೆ ಸೇರಿದರು. ಅಲ್ಲಿ ಕಲಿತ ಮೊದಲ ಕೆಲಸಗಳಲ್ಲಿ ಇದೂ ಒಂದು. “ಮೇಸ್ತ್ರಿ ಒಳ್ಳೇರೆ. ಗಿರಾಕಿ ಬಿದ್ದು ಕೈಕಾಲು ಮುರ್ಕೋಬಾರ್ದು ಅಂತ್ಲೇ ಬಿಚ್ಚಿಸ್ತಿದ್ರು. ನಾನೂ ಅದೆಷ್ಟು ಬಿಚ್ಚಿದೀನೋ. ನನ್ ಗಾಡೀಲೂ ಇರ್ಲಿಲ್ಲ,” ಎನ್ನುತ್ತಾರೆ.

ಅವರ ಗಾಡಿ ಯಮಹಾ ಆರ್‌ಎಕ್ಸ್ ನೂರು. ಹಳೇಬೀಡಿನಲ್ಲಿ ಸ್ವಂತ ಶೆಡ್ಡು ಹಾಕಿದ ಮೇಲೆ ಒಂದು ಗುಜರಿ ಬೈಕು ತಂದು, ರಾತ್ರಿ ಹಗಲು ಕೂತು ಕಟ್ಟಿ ನಿಲ್ಲಿಸಿದ್ದು. ಜಾವಗಲ್ ರಸ್ತೆಯಲ್ಲಿ ಅದರ ಸದ್ದು ಕೇಳಿದರೆ ದನ ಕಾಯುವವರು ಮೊದಲೇ ದನಗಳನ್ನು ಪಕ್ಕಕ್ಕೆ ಹೊಡೆದುಕೊಳ್ಳುತ್ತಿದ್ದರಂತೆ. ಆರು ವರ್ಷದ ಹಿಂದೆ, 1998ರಲ್ಲಿ, ಹಾಸನದ ಬಿಡಿಭಾಗದ ಅಂಗಡಿಯೊಂದರಲ್ಲಿ ಒಂದು ಸುದ್ದಿ ಕೇಳಿದರು. ಮದ್ರಾಸಿನ ಹತ್ತಿರ ರೇಸ್ ಟ್ರ್ಯಾಕ್ ಇದೆ, ಅಲ್ಲೊಂದು ಕ್ಲಬ್ಬಿನವರು ವರ್ಷದಲ್ಲಿ ಒಂದು ದಿನ ರಸ್ತೆ ಮೇಲೆ ಓಡುವ ಮಾಮೂಲಿ ಬೈಕುಗಳನ್ನೂ ಬಿಡುತ್ತಾರೆ, ಪಂದ್ಯವೇನೂ ಇಲ್ಲ, ಮನಸ್ಸಿಗೆ ಬಂದಷ್ಟು ಓಡಿಸಬಹುದು. ಚನ್ನೇಶ್ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಅರಸೀಕೆರೆಯಿಂದ ಮದ್ರಾಸಿಗೆ ಹೊರಟಿದ್ದ ತೆಂಗಿನಕಾಯಿ ಲಾರಿಯೊಂದನ್ನು ಹಿಡಿದು, ಪೆಟ್ರೋಲು ಖಾಲಿ ಮಾಡಿ ಬೈಕನ್ನು ಕಾಯಿ ರಾಶಿಯ ಮೇಲೆ ಮಲಗಿಸಿ, ತಾವೂ ಅದರ ಪಕ್ಕದಲ್ಲೇ ಮಲಗಿ ಹೋದರು. ಲಾರಿ ಗೊತ್ತು ಮಾಡಿಕೊಟ್ಟವರು ಅಕ್ಕನ ಗಂಡ ಕೆಂಚಪ್ಪ, ಊರೂರು ಸುತ್ತಿ ತೆಂಗಿನಕಾಯಿ ಕೊಳ್ಳುವ ವ್ಯಾಪಾರಿ. ಭಾವಮೈದುನನ ಹುಚ್ಚು ಕಂಡು ಎಲ್ಲರಿಗಿಂತ ಹೆಚ್ಚು ಹಿಗ್ಗಿದವರೂ ಅವರೇ.

ಟ್ರ್ಯಾಕಿನ ಬಾಗಿಲಲ್ಲಿ ಪ್ರತಿ ಬೈಕನ್ನೂ ಪರೀಕ್ಷೆ ಮಾಡುತ್ತಿದ್ದರು. ಮುಂದಿನ ಬ್ರೇಕಿಲ್ಲದ ಗಾಡಿಯನ್ನು ಒಳಗೆ ಬಿಡುವುದಿಲ್ಲ ಎಂದರು. ಚನ್ನೇಶ್ ಅಲ್ಲೇ ಕೂತು ಕೇಬಲ್ ಹಾಕಿದರು. ಹಾಕಿದ್ದೇನೋ ಹೌದು, ಆದರೆ ಜನ್ಮದಲ್ಲಿ ಅದನ್ನು ಹಿಡಿದವರಲ್ಲ. ಮೊದಲ ಸುತ್ತುಗಳಲ್ಲಿ ಎಲ್ಲರ ಹಿಂದೆ ನಿಧಾನಕ್ಕೆ ಹೋದರು. ಆಮೇಲೆ ಧೈರ್ಯ ಬಂತು. ನೇರ ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರು. ತಿರುವು ಹತ್ತಿರ ಬಂದಾಗ ಅಕ್ಕಪಕ್ಕದ ಬೈಕುಗಳೆಲ್ಲ ಮುಂದಿನ ಬ್ರೇಕಿಗೆ ಮೂತಿ ತಗ್ಗಿಸಿ ವೇಗ ಇಳಿಸಿಕೊಂಡವು. ಚನ್ನೇಶ್ ಅಭ್ಯಾಸಬಲದಿಂದ ಕಾಲಲ್ಲಿ ಹಿಂದಿನ ಬ್ರೇಕನ್ನು ತುಳಿದರು. ಸಾಲಲಿಲ್ಲ. ಇನ್ನೂ ಒತ್ತಿ ತುಳಿದರು. ಹಿಂದಿನ ಚಕ್ರ ಕಚ್ಚಿ ನಿಂತು, ಬೈಕು ಅಡ್ಡಡ್ಡ ತಿರುಗಿ ಮಗುಚಿತು.

“ಹ್ಯಾಂಡ್ಲು ಬಿಡ್ಬೇಕಿತ್ತು, ಬಿಡ್ಲಿಲ್ಲ. ಕಟ್ಟಿದ ಗಾಡಿ ಅಲ್ವಾ, ಬಿಡಾಕೆ ಮನ್ಸು ಬರ್ಲಿಲ್ಲ,” ಎನ್ನುತ್ತಾರೆ. ಬಲ ಮಣಿಕಟ್ಟು ಚೂರಾಯಿತು. ತಿರುವಿನಲ್ಲಿ ಹಳದಿ ಬಾವುಟ ಹಿಡಿದು ನಿಂತಿದ್ದ ಮುದುಕರೊಬ್ಬರು ಓಡಿಬಂದು ಹಿಂದಿನವರನ್ನೆಲ್ಲ ತಡೆದು ನಿಲ್ಲಿಸಿದರು. ಕ್ಲಬ್ಬಿನವನೊಬ್ಬ ರಸ್ತೆಯ ಮೇಲೆ ಹಿಂದಿನ ಚಕ್ರ ಎಳೆದ ಕಪ್ಪು ಗೆರೆ ನೋಡಿ, ಹರಕು ಕನ್ನಡದಲ್ಲಿ “ಮುಂದಿನದು ಯಾಕೆ ಮುಟ್ಟಲಿಲ್ಲ?” ಎಂದು ಕೇಳಿದ. ಚನ್ನೇಶ್ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಆ ಪ್ರಶ್ನೆಯೊಂದನ್ನೇ ಯೋಚಿಸಿದರು. ಬಿಚ್ಚಿ ಎಸೆದ ಕೇಬಲ್‌ಗಳೆಲ್ಲ ಕಣ್ಣ ಮುಂದೆ ಬಂದವು. ಇಷ್ಟು ವರ್ಷ ಜನರ ಗಾಡಿಯಿಂದ ತಾನು ಬಿಚ್ಚುತ್ತಿದ್ದದ್ದು ಜೀವ ಉಳಿಸುವ ಬ್ರೇಕನ್ನೇ ಎಂದು ಆಗ ಅರ್ಥವಾಯಿತು.

ಊರಿಗೆ ಬಂದವರೇ ಎಲ್ಲರಿಗೂ ಹೇಳಿದರು. ಮುಂದಿನ ಬ್ರೇಕು ಹಿಡಿಯದೆ ಬಿದ್ದೆ ಎಂದರು, ಬಿಚ್ಚಿಸಬೇಡಿ ಎಂದರು. ಆದರೆ ಊರು ಅವರ ಮಾತನ್ನು ಕೇಳುವ ಬದಲು ಕೊರಳಿಗೆ ಜೋತುಬಿದ್ದ ಕೈಯನ್ನು ನೋಡಿತು. ಹದಿನೈದು ವರ್ಷ ಮುಂದಿನ ಬ್ರೇಕಿಲ್ಲದೆ ಓಡಿಸಿದವನು ಒಂದು ದಿನವೂ ಬಿದ್ದಿರಲಿಲ್ಲ. ಹಾಕಿದ ದಿನವೇ ಬಿದ್ದ. ಇನ್ನೇನು ಬೇಕು? ಆ ತಿಂಗಳು ಕೇಬಲ್ ಬಿಚ್ಚಿಸಲು ಎದುರಿನ ಅಂಗಡಿಯಲ್ಲಿ ಸಾಲು ನಿಂತಿತ್ತು. ಅಲ್ಲಿಯವರೆಗೆ ಧೈರ್ಯ ಮಾಡಿ ಬ್ರೇಕು ಇಟ್ಟುಕೊಂಡಿದ್ದ ಮೇಷ್ಟ್ರುಗಳೂ ಬಂದು ಬಿಚ್ಚಿಸಿಕೊಂಡರು. ಆಗಲೇ ಅವರಿಗೆ ‘ಮುಂದಿನ ಬ್ರೇಕು’ ಎಂಬ ಅಡ್ಡಹೆಸರು ಅಂಟಿದ್ದು. ಕಂಡಿದ್ದನ್ನು ಕಂಡ ಹಾಗೇ ಹೇಳಿದವನ ಮಾತು ಹೀಗೆ ತಲೆಕೆಳಗಾದರೆ, ಪಾಪ, ಯಾರ ಹತ್ತಿರ ಹೋಗಿ ದೂರು ಹೇಳುವುದು?

ಎಲ್ಲರಿಗಿಂತ ಹೆಚ್ಚು ಹೆದರಿದವರು ಕೆಂಚಪ್ಪ. ಲಾರಿ ಗೊತ್ತು ಮಾಡಿದ್ದು ತಾನೇ ಎಂಬ ಕೊರಗು ಬೇರೆ. ಮದ್ರಾಸಿಗೆ ಹೋಗಿ ಭಾವಮೈದುನನನ್ನು ಕರೆತಂದು ಮನೆ ಸೇರಿಸಿದ ಮರುದಿನವೇ ಅರಸೀಕೆರೆಯಲ್ಲಿ ತಮ್ಮ ಬೈಕಿನಲ್ಲಿ ಅದುವರೆಗೆ ಇದ್ದ ಕೇಬಲ್ ಬಿಚ್ಚಿಸಿದರು. ಚನ್ನೇಶ್ ಜಗಳವಾಡಿದರು. ಕೈಯ ಕಟ್ಟು ಬಿಚ್ಚಿದ ಮೇಲೆ, ಒಂದು ಭಾನುವಾರ ಭಾವ ಊಟ ಮಾಡಿ ಮಲಗಿದ್ದಾಗ ಒಂದೂವರೆ ಕೈಯಲ್ಲಿ ಹೆಣಗಿ ಕೇಬಲ್ ಹಾಕಿಟ್ಟರು. ಸಂಜೆ ನೋಡಿದ ಕೆಂಚಪ್ಪ, “ನಿನ್ ಕೈ ಮುರ್ದಿದ್ದು ಸಾಲ್ದೇನ್ಲಾ, ನಂದೂ ಮುರೀಬೇಕಾ?” ಎಂದು ನಕ್ಕು, ತಾವೇ ಬಿಚ್ಚಿ ಸುರುಳಿ ಸುತ್ತಿ ಬೈಕಿನ ಪಕ್ಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಮನೆಯ ದೊಡ್ಡ ಅಳಿಯ. ಚನ್ನೇಶ್ ಅಲ್ಲಿಗೇ ಬಿಟ್ಟರು.

ಎರಡು ವರ್ಷ ಕಳೆಯಿತು. ರಾಗಿ ಕೊಯ್ಲಿನ ದಿನಗಳು. ಕೆಂಚಪ್ಪ ಅರಸೀಕೆರೆಯಿಂದ ಹಿಂದಿರುಗುವಾಗ ಜಾವಗಲ್ ದಾಟುವ ಹೊತ್ತಿಗೆ ಕತ್ತಲಾಗಿತ್ತು. ರಾಗಿ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಕೆಟ್ಟು ರಸ್ತೆಯಲ್ಲೇ ನಿಂತಿತ್ತು. ಹಿಂದೆ ದೀಪವಿರಲಿಲ್ಲ. ಸುದ್ದಿ ತಿಳಿದು ಚನ್ನೇಶ್ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳಗಾದ ಮೇಲೆ ಮತ್ತೆ ಒಬ್ಬರೇ ಆ ಜಾಗಕ್ಕೆ ಹೋದರು.

“ರೋಡಿನ್ ಮೇಲೆ ಉದ್ದಕ್ಕೆ ಒಂದೇ ಕರೀ ಗೆರೆ ಸಾರ್. ಹಿಂದಿನ್ ಚಕ್ರದ್ದು. ನಂದು ಮದ್ರಾಸ್ನಾಗೆ ಬಿದ್ದಿತ್ತಲ್ಲ, ಅದೇ ತರದ್ದು. ಭಾವ ಟ್ರ್ಯಾಕ್ಟರ್ ನೋಡವ್ರೆ, ತುಳ್ದವ್ರೆ. ನಿದ್ದೇಲಿರ್ಲಿಲ್ಲ, ಕುಡ್ದಿರ್ಲಿಲ್ಲ. ಮುಂದಿನ್ ಬ್ರೇಕು ಇದ್ದಿದ್ರೆ ಆ ಗೆರೆ ಅರ್ಧಕ್ಕೇ ನಿಂತಿರೋದು.” ಬೈಕನ್ನು ಶೆಡ್ಡಿಗೆ ತಂದಾಗ ಪಕ್ಕದ ಡಬ್ಬಿಯಲ್ಲಿ ಕೇಬಲ್ಲಿನ ಸುರುಳಿ ಇಟ್ಟ ಹಾಗೇ ಇತ್ತು. ಇದನ್ನು ಹೇಳುವಾಗ ಚನ್ನೇಶ್ ಕೈಯ ಮಸಿ ಒರೆಸಿಕೊಳ್ಳುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ತಾನು ಬಿದ್ದದ್ದರಿಂದಲೇ ಭಾವ ಹೆದರಿದ್ದು, ಹೆದರಿದ್ದಕ್ಕೇ ಸತ್ತದ್ದು ಎಂಬ ಲೆಕ್ಕದಿಂದ ಅವರನ್ನು ಹೊರಗೆ ತರಲು ಯಾರಿಂದಲೂ ಆಗಿಲ್ಲ.

ಮದ್ರಾಸಿನಿಂದ ಬಂದ ಮೇಲೆಯೇ ಅವರ ಶೆಡ್ಡಿನಲ್ಲಿ ಕೇಬಲ್ ಬಿಚ್ಚುವುದು ನಿಂತಿತ್ತು. ಭಾವ ಹೋದಂದಿನಿಂದ, ರಿಪೇರಿಗೆ ಬಂದ ಗಾಡಿಗೆ ಮುಂದಿನ ಬ್ರೇಕಿಲ್ಲದಿದ್ದರೆ ಹಾಕಿಯೇ ಕೊಡುತ್ತಾರೆ, ಅದಕ್ಕೆ ಕೂಲಿ ಕೇಳುವುದಿಲ್ಲ. ಕೆಲವರು ಹಾಗೇ ಒಯ್ಯುತ್ತಾರೆ. ಹೆಚ್ಚಿನವರು ರಸ್ತೆ ದಾಟಿ ಬಿಚ್ಚಿಸಿಕೊಂಡು ಹೋಗುತ್ತಾರೆ. ಮೊದಲು ದಿನಕ್ಕೆ ಏಳೆಂಟು ಗಾಡಿ ಬರುತ್ತಿದ್ದ ಜಾಗಕ್ಕೆ ಈಗ ಮೂರು ಬಂದರೆ ಹೆಚ್ಚು. ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಹೊಸಬರಿಗೆ ಬ್ರೇಕು ಹಿಡಿಯುವುದನ್ನು ಕಲಿಸುತ್ತೇನೆ ಎಂದು ಬೋರ್ಡು ಬರೆಸಿದ್ದಾರೆ. ಕಾಲು ಮೆಲ್ಲಗೆ, ಕೈ ಮೆಲ್ಲಗೆ, ಎರಡೂ ಒಟ್ಟಿಗೆ, ಗಾಡಿ ನೆಟ್ಟಗಿರುವಾಗಲೇ ಎಂದು ಹೇಳಿಕೊಡುತ್ತಾರೆ. ಬರುವವರು ಒಬ್ಬರೋ ಇಬ್ಬರೋ. ಯಾರೂ ಬಾರದ ಭಾನುವಾರಗಳೇ ಜಾಸ್ತಿ.

ಆದರೆ ಅವರನ್ನು ನಿಜವಾಗಿ ಸುಡುತ್ತಿರುವುದು ಊರವರ ಮಾತಲ್ಲ, ಅಕ್ಕ ದ್ರಾಕ್ಷಾಯಣಿಯವರ ಮೌನ. ಗಂಡ ಹೋದ ಮೇಲೆ ಅವರು ಮೂರು ಮೈಲಿ ಆಚೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಾರೆ. ಓಡಾಟಕ್ಕೆ ಚನ್ನೇಶ್ ಹಳೆಯ ಮೊಪೆಡ್ ಒಂದನ್ನು ಸರಿಮಾಡಿ ಕೊಟ್ಟಿದ್ದಾರೆ. ಮುಂದೆ ತರಕಾರಿ ಚೀಲ, ಹಿಂದೆ ಅದೇ ಶಾಲೆಯಲ್ಲಿ ಓದುವ ಮಗಳು ಸಿರಿ. ಆ ಗಾಡಿಯ ಬಲಗೈ ಬ್ರೇಕು ಮುಂದಿನ ಚಕ್ರದ್ದು. ದ್ರಾಕ್ಷಾಯಣಿ ಅದನ್ನು ಮುಟ್ಟುವುದಿಲ್ಲ. ಎಡಗೈ ಬ್ರೇಕು ಅಮುಕಿ, ಎರಡೂ ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸುತ್ತಾರೆ. ತಮ್ಮ ಹೇಳದ ದಿನವಿಲ್ಲ, ಅವರು ಕಿವಿಗೆ ಹಾಕಿಕೊಂಡ ದಿನವಿಲ್ಲ.

ಎಂಟೂವರೆಗೆ ಅವರೇ ಶೆಡ್ಡಿನ ಮುಂದೆ ಚಪ್ಪಲಿ ಉಜ್ಜಿಕೊಂಡು ಬಂದು ನಿಲ್ಲುತ್ತಾರೆ. ಚನ್ನೇಶ್ ಮುಂದಿನ ಚಕ್ರದ ಬಳಿ ಕೂತು ಕೇಬಲ್ ಪರೀಕ್ಷಿಸತೊಡಗುತ್ತಾರೆ. ಇಷ್ಟೆಲ್ಲ ಆದ ಮೇಲೂ ತಮ್ಮನ ಮಾತು ಯಾಕೆ ನಂಬುವುದಿಲ್ಲ ಎಂದು ಕೇಳಿದರೆ ದ್ರಾಕ್ಷಾಯಣಿ ಮಗಳ ಕಡೆ ನೋಡುತ್ತಾರೆ. ಅವಳನ್ನು ಪಕ್ಕದ ಅಂಗಡಿಗೆ ಪೆನ್ಸಿಲ್ ತರಲು ಕಳಿಸುತ್ತಾರೆ.

“ಅವ್ನು ಸುಳ್ಳು ಹೇಳೋನಲ್ಲ ಸಾರ್, ನಂಗೊತ್ತು. ಆದ್ರೆ ಅವನ್ ಮಾತು ನಿಜ ಅಂದ್ರೆ ಏನಾಯ್ತದೆ? ನಮ್ಮನೆಯವ್ರು ಉಳ್ಕೋಬಹುದಿತ್ತು ಅಂತಾಯ್ತದೆ. ಅವತ್ತು ಸಾಯೋದೇ ಅವ್ರ ಹಣೇಲಿ ಬರ್ದಿತ್ತು ಅಂದ್ಕಂಡು ಹೆಂಗೋ ದಿನ ತಳ್ತಾ ಇವ್ನಿ. ಒಂದು ಕೇಬಲ್ಗೋಸ್ಕರ ಹೋದ್ರು ಅಂತ ಗೊತ್ತಾದ್ಮೇಲೆ ನಾನು ಒಲೆ ಮುಂದೆ ಹೆಂಗೆ ನಿಂತ್ಕಳ್ಳಿ?”

ಚಕ್ರದ ಬಳಿ ಕೂತ ಚನ್ನೇಶರ ಕೈ ನಿಲ್ಲುತ್ತದೆ. ನಾಲ್ಕು ವರ್ಷದಲ್ಲಿ ಈ ಮಾತು ಅವರ ಕಿವಿಗೆ ಬಿದ್ದದ್ದು ಇದೇ ಮೊದಲು. ಅವರು ತಲೆ ಎತ್ತುವುದಿಲ್ಲ. ಸಿರಿ ಪೆನ್ಸಿಲ್ ಹಿಡಿದು ಓಡಿಬಂದು ಹಿಂದೆ ಹತ್ತಿ ಕೂರುತ್ತಾಳೆ. ದ್ರಾಕ್ಷಾಯಣಿ “ಬತ್ತೀನಿ ಕಣಪ್ಪ” ಎಂದಷ್ಟೇ ಹೇಳಿ ಹೊರಡುತ್ತಾರೆ. ಮೊಪೆಡ್ ತಿರುವಿನಲ್ಲಿ ಮರೆಯಾಗುವವರೆಗೂ ಚನ್ನೇಶ್ ನೋಡುತ್ತಾ ನಿಲ್ಲುತ್ತಾರೆ. ಕಣ್ಣು ತುಂಬಿಕೊಂಡಿರುವುದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡುವುದಿಲ್ಲ.

“ಅಕ್ಕಂಗೆ ಹಟ ಅಂದ್ಕಂಡಿದ್ದೆ ಸಾರ್,” ಎನ್ನುತ್ತಾರೆ. “ಇನ್ಮ್ಯಾಲೆ ಹೇಳಾಕಿಲ್ಲ. ಅವ್ಳು ನಂಬೋದೂ ಬ್ಯಾಡ. ವಾರಕ್ಕೊಂದ್ಸಲ ಕೇಬಲ್ಗೆ ಗ್ರೀಸ್ ಹಾಕಿ ಬಿಗಿ ಮಾಡೋದು ಮಾತ್ರ ಬಿಡಾಕಿಲ್ಲ. ಯಾವತ್ತೋ ಒಂದಿನ ಎದ್ರುಗೆ ಏನೋ ಅಡ್ಡ ಬತ್ತದೆ, ಹಿಂದ್ಗಡೆ ಮಗಾ ಇರ್ತದೆ, ಕೈ ತಾನಾಗೇ ಹೋಯ್ತದೆ. ಅವತ್ತು ಅಲ್ಲಿ ಬ್ರೇಕು ಇರ್ಬೇಕು.”