ಬಾಗಿಲು ಕಿತ್ತುಕೊಂಡು ಹೋದ ಊರು

ನಿನ್‌ಹೇದು ನನ್ನ ಚಿಕ್ಕಮ್ಮ. ಅಪ್ಪನ ತಮ್ಮ ಲುಗಿನಾನ ಹೆಂಡತಿ. ನಮ್ಮೂರು ಜೌಗಿನ ಅಂಚಿನದು. ಜೊಂಡು ಕೊಯ್ದು, ಮೀನು ಹಿಡಿದು ಬದುಕುವವರ ಊರು. ಅವಳ ತವರು ದುಗಿ, ಯೂಫ್ರೆಟಿಸ್ ಹೊಳೆಯ ಒಂದು ಕವಲಿನ ದಡದಲ್ಲಿ ಜವೆಗೋಧಿ ಬೆಳೆಯುವವರ ಊರು. ಅವಳು ಸೊಸೆಯಾಗಿ ಬಂದಾಗ ನನಗೆ ಎಂಟು ವರ್ಷ. ಬಂದ ಮೂರನೇ ದಿನವೇ ನನ್ನ ಅಜ್ಜಿಯನ್ನು ಕೇಳಿದಳು: "ಅತ್ತೆ, ನಿಮ್ಮೂರಲ್ಲಿ ಮೀನು ಬಿಟ್ರೆ ಬೇರೆ ಏನೂ ಹುಟ್ಟಲ್ವಾ?"

"ಯಾಕೆ, ಸೊಳ್ಳೆ ಹುಟ್ತದೆ," ಎಂದಳು ಅಜ್ಜಿ.

ಅಂದಿನಿಂದ ಅತ್ತೆ ಸೊಸೆಗೆ ಚೆನ್ನಾಗಿ ಹೊಂದಿತು.

ತವರಿನ ಮಾತೆಂದರೆ ಚಿಕ್ಕಮ್ಮನಿಗೆ ಬಾಯಿ ಮುಚ್ಚುತ್ತಿರಲಿಲ್ಲ. ಅವಳ ಅಪ್ಪ ಅಕಲ್ಲಾ ದುಗಿಯ ಹಿರಿಯ. ಯಾರ ಹೊಲಕ್ಕೆ ಯಾವತ್ತು ನೀರು, ಕಾಲುವೆಯ ಹೂಳನ್ನು ಯಾರು ಎಷ್ಟು ಎತ್ತಬೇಕು, ಎಲ್ಲ ಅವನು ಹೇಳಿದ ಹಾಗೆ. "ನಮ್ಮಪ್ಪ ಒಂದ್ಸಲ ಕೆಮ್ಮಿದ್ರೆ ಸಾಕು, ಊರೇ ಎದ್ದು ನಿಲ್ತದೆ," ಎನ್ನುವಳು. ಚಿಕ್ಕಪ್ಪ ಜೊಂಡಿನ ಚಾಪೆ ಹೆಣೆಯುತ್ತ, "ಹಂಗಾದ್ರೆ ಚಳಿಗಾಲದಲ್ಲಿ ನಿಮ್ಮೂರಲ್ಲಿ ಯಾರೂ ಕೂರೋ ಹಂಗೇ ಇಲ್ಲ ಅನ್ನು," ಎಂದು ಚುಡಾಯಿಸುವನು.

ಮೊದಲ ಹೆರಿಗೆಗೆ ನೆರೆ ಅಡ್ಡ ಬಂದು ತವರಿಗೆ ಹೋಗಲಾಗಲಿಲ್ಲ. ಆ ಮಗು ಉಳಿಯಲೂ ಇಲ್ಲ. ಆಮೇಲೆ ಅದು ಇದು ಎಂದು ವರ್ಷಗಳು ಕಳೆದವು. ನಾಲ್ಕನೇ ವರ್ಷ, ಜವೆ ಕೊಯ್ಲಿನ ಹೊತ್ತಿಗೆ, ಆರು ತಿಂಗಳ ಮಗಳನ್ನು ಕಂಕುಳಿಗೇರಿಸಿ, ಒಣಮೀನಿನ ಬುಟ್ಟಿ ತುಂಬಿಕೊಂಡು ಹೊರಟಳು. ಚಿಕ್ಕಪ್ಪ ದೋಣಿಯಲ್ಲಿ ಬಿಟ್ಟು ಬರಲು ಹೋದ.

ಎರಡನೇ ದಿನ ದೋಣಿಯ ತಳ ಕೆಸರಿಗೆ ತಾಗಿ ನಿಂತಿತು. ಮುಂದೆ ನೀರೇ ಇರಲಿಲ್ಲ. ಅದು ಹೊಳೆ ಉಕ್ಕಿ ದಡ ಮೀರುವ ಕಾಲ. ಕವಲಿನ ಪಾತ್ರ ಮಾತ್ರ ಒಣಗಿ, ಬಿರುಕು ಬಿಟ್ಟು, ಮಧ್ಯದಲ್ಲಿ ಮೀನಿನ ಮುಳ್ಳುಗಳು ಬೆಳ್ಳಗೆ ಬಿದ್ದಿದ್ದವು.

"ಇದೇನೇ ಇದು?" ಎಂದ ಚಿಕ್ಕಪ್ಪ.

"ಮೇಲ್ಗಡೆ ಎಲ್ಲೋ ಕಟ್ಟೆ ಹಾಕಿರ್ತಾರೆ. ನಮ್ಮಪ್ಪನ್ನ ಕೇಳಿದ್ರೆ ಗೊತ್ತಾಗ್ತದೆ. ಅಗೋ, ಖರ್ಜೂರದ ತೋಪು ಕಾಣ್ತಿಲ್ವಾ? ನಾನು ನಡ್ಕೊಂಡೋಗ್ತೀನಿ. ಮುಂದಿನ ಹುಣ್ಣಿಮೆಗೆ ಬಂದು ಕರ್ಕೊಂಡೋಗು."

ಅವನು ದೋಣಿ ತಿರುಗಿಸಿದ. ಇವಳು ಒಣಗಿದ ಹೊಳೆಯೊಳಗೇ ನಡೆದಳು.

ದುಗಿ ತಲುಪಿದಾಗ ನೆತ್ತಿಯ ಮೇಲೆ ಸೂರ್ಯ. ಒಂದು ನಾಯಿಯೂ ಬೊಗಳಲಿಲ್ಲ. ಮೊದಲ ಮನೆಗೆ ಬಾಗಿಲಿರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ಮೂವತ್ತು ಮನೆಗಳಲ್ಲಿ ಒಂದಕ್ಕೂ ಬಾಗಿಲಿಲ್ಲ. ಮಾಡಿನ ತೊಲೆಗಳನ್ನು ಎಳೆದುಕೊಂಡಿದ್ದರಿಂದ ಮಣ್ಣು ಒಳಗೆ ಕುಸಿದು ಬಿದ್ದಿತ್ತು. ಬೆಂಕಿ ಬಿದ್ದ ಗುರುತಿಲ್ಲ, ರಕ್ತದ ಕಲೆಯಿಲ್ಲ, ಒಂದು ಹೆಣವಿಲ್ಲ. ಅವಳು ಅವ್ವನ ಮನೆಯೊಳಗೆ ನುಗ್ಗಿದಳು. ಬೀಸುಕಲ್ಲು ಇದ್ದ ಕಡೆ ನೆಲದಲ್ಲಿ ತಗ್ಗು ಮಾತ್ರ ಉಳಿದಿತ್ತು. ಒಲೆಯ ಬೂದಿಯಲ್ಲಿ ಇರುವೆ ಗೂಡು ಕಟ್ಟಿತ್ತು. ಅಲ್ಲಿಂದ ಊರ ಗುಡಿಗೆ ಓಡಿದಳು. ಪೀಠ ಬರಿದಾಗಿತ್ತು. ದೇವಿಯೂ ಇರಲಿಲ್ಲ.

"ನನ್ನ ಬಾಯಿಂದ ಕೂಗೇ ಹೊರಡ್ಲಿಲ್ಲ ಕಣೆ," ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. "ಮಗು ಅಳ್ತಿತ್ತು. ಬೇರೆ ಯಾರ್ದೋ ಮಗು ಅಳ್ತಿದೆ ಅನ್ನಿಸ್ತಿತ್ತು."

ಮಗುವಿನ ಅಳು ಕೇಳಿ ಒಬ್ಬ ಮುದುಕ ಕುರುಬ ತೋಪಿನ ಕಡೆಯಿಂದ ಬಂದ.

"ಯಾರವ್ವ ನೀನು? ಇಲ್ಲಿ ಯಾರ್ನ ಹುಡುಕ್ತಿದೀಯ?"

"ನಾನು ಅಕಲ್ಲನ ಮಗಳು. ಊರಿಗೇನಾಯ್ತು ತಾತ? ಎಲ್ರೂ ಸತ್ತೋದ್ರಾ?"

"ಸಾಯೋದ್ಯಾಕೆ? ಹೊಳೆ ಮಗ್ಗಲು ಬದಲಾಯಿಸ್ತು, ಜನ ಅದರ ಹಿಂದೇನೇ ಹೋದ್ರು. ಎರಡು ವರ್ಷಾಯ್ತು. ಎಲ್ಲಾ ಉರುಕ್ ಪಟ್ಟಣದಲ್ಲವ್ರೆ." ಅವನು ಅವಳ ಮುಖ ನೋಡಿದ. "ನಿಂಗೆ ಯಾರೂ ಹೇಳ್ಲಿಲ್ವಾ?"

ಸತ್ತಿದ್ದಾರೆ ಎಂದುಕೊಂಡಾಗ ಬಾರದ ಅಳು ಆಗ ಬಂತಂತೆ. ಎರಡು ವರ್ಷ ಅವಳು ದುಗಿಯ ದಿಕ್ಕಿಗೆ ಮುಖ ಮಾಡಿ ದಿನಾ ಬೆಳಿಗ್ಗೆ ಕೈ ಮುಗಿದಿದ್ದಳು. ಅಲ್ಲಿ ಕೈ ಮುಗಿಸಿಕೊಳ್ಳಲು ಇರುವೆಗಳಷ್ಟೇ ಇದ್ದವು.

ಕುರುಬನ ಗುಡಿಸಲಿನಲ್ಲಿ ಹಾಲು ಕುಡಿದು, ಮಲಗಿ, ಬೆಳಗಾಗುತ್ತಲೇ ಪಟ್ಟಣದ ದಾರಿ ಹಿಡಿದಳು. ಉರುಕ್ ಅವಳು ಚಿಕ್ಕಂದಿನಲ್ಲಿ ಇನಾನಾ ದೇವಿಯ ಹಬ್ಬಕ್ಕೆ ಬಂದು ನೋಡಿದ್ದ ಊರೇ. ಆಗ ಗುಡಿಯ ಸುತ್ತ ನಾಲ್ಕು ಕೇರಿ ಇತ್ತು. ಈಗ ಸೂರ್ಯ ಮೂರು ಮಾರು ಏರುವವರೆಗೆ ನಡೆದರೂ ಮನೆಗಳು ಮುಗಿಯಲಿಲ್ಲ. ಎದುರು ಬಂದವರು ಯಾರೂ ಯಾವೂರು, ಯಾರ ಮಗಳು ಎಂದು ಕೇಳಲಿಲ್ಲ. ಕತ್ತೆಗೆ ದಾರಿ ಬಿಡುವಂತೆ ಸರಿದು ಹೋದರು. ಇವಳೇ ಒಬ್ಬಳನ್ನು ನಿಲ್ಲಿಸಿ ಅಕಲ್ಲನ ಮನೆ ಎಲ್ಲಿ ಎಂದು ಕೇಳಿದಳು.

"ಯಾವ ಅಕಲ್ಲ? ಇಟ್ಟಿಗೆ ಅಕಲ್ಲನಾ, ಹೆಂಡದ ಅಕಲ್ಲನಾ, ಕುಂಟ ಅಕಲ್ಲನಾ?"

"ದುಗಿಯ ಹಿರಿಯ ಅಕಲ್ಲ."

"ಇಲ್ಲಿ ಹಿರಿಯರು ಬೀದಿಗಿಪ್ಪತ್ತು ಜನ ಅವ್ರೆ ತಾಯಿ. ಗುಡಿ ಅಂಗಳಕ್ಕೋಗು. ಊಟದೊತ್ತು, ಎಲ್ರೂ ಅಲ್ಲೇ ಸಿಗ್ತಾರೆ."

ಅಂಗಳದ ಹೊರಗೆ ಮಣ್ಣಿನ ಬಟ್ಟಲುಗಳ ಗುಡ್ಡೆ ಬಿದ್ದಿತ್ತು. ಒರಟಾದ, ದಪ್ಪ ಅಂಚಿನ ಬಟ್ಟಲುಗಳು, ಎಲ್ಲ ಒಂದೇ ಅಚ್ಚಿನವು. ಒಡೆಯದೆ ಇದ್ದವೂ ನೂರಾರು. ಅವಳು ಒಂದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸತೊಡಗಿದಳು. ಬಳಿಯಲ್ಲಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು.

"ಅಕ್ಕಾ, ಎಂಜಲು ಬಟ್ಟಲು ಅದು! ಉಂಡು ಬಿಸಾಕೋದು. ನಾಳೆಗೆ ಬೇರೆ ಕೊಡ್ತಾರೆ."

ಉಂಡ ಬಟ್ಟಲನ್ನು ಬಿಸಾಡುವುದೆಂದರೇನು ಎಂದು ಅವಳಿಗೆ ಅರ್ಥವಾಗುವ ಮೊದಲೇ ಅಪ್ಪ ಕಂಡ. ಅಂಗಳದೊಳಗೆ ಉದ್ದನೆಯ ಸಾಲು. ಸಾಲಿನ ನಡುವೆ, ಅಂಥದ್ದೇ ಒಂದು ಬಟ್ಟಲನ್ನು ಎದೆಗೊತ್ತಿಕೊಂಡು, ಭುಜದ ಮೇಲೆಲ್ಲ ಇಟ್ಟಿಗೆಯ ಕೆಸರು ಮೆತ್ತಿಕೊಂಡು ಅಕಲ್ಲಾ ನಿಂತಿದ್ದ. ಮೀಸೆ ಸರಿಯಾಗಿ ಮೂಡದ ಒಬ್ಬ ಮೇಸ್ತ್ರಿ ಕೋಲಿನ ತುದಿಯಿಂದ ಅವನ ಬೆನ್ನನ್ನು ತಿವಿದ.

"ಏಯ್ ಮುದುಕಾ, ನಿದ್ದೆ ಮಾಡ್ತಿದೀಯಾ? ಮುಂದಕ್ಕೋಗು."

ಈಗ ಅಪ್ಪ ತಿರುಗುತ್ತಾನೆ, ಈಗ ಕೆಮ್ಮುತ್ತಾನೆ ಎಂದು ನಿನ್‌ಹೇದು ಕಾದಳು.

ಅಪ್ಪ ಮುಂದಕ್ಕೆ ಹೋದ.

"ಊರು ಖಾಲಿ ಬಿದ್ದಿದ್ದು ನೋಡ್ದಾಗ್ಲೂ ಎದೆ ಹಂಗೆ ನಿಂತಿರ್ಲಿಲ್ಲ," ಎನ್ನುತ್ತಾಳೆ ಚಿಕ್ಕಮ್ಮ.

ಜವೆಯ ಗಂಜಿ ಹಾಕಿಸಿಕೊಂಡು ತಿರುಗಿದವನು ಮಗಳನ್ನು ಕಂಡ. ಮಗುವಿನ ಕಡೆ ನೋಡಿ, "ಇದು ಹೆಣ್ಣಾ ಗಂಡಾ?" ಎಂದ.

"ಹೆಣ್ಣು. ಅಪ್ಪಾ, ನಂಗೆ ಯಾಕೆ ಹೇಳಿ ಕಳಿಸ್ಲಿಲ್ಲ? ಎಷ್ಟು ದೋಣಿ ನಮ್ಮೂರ ಮುಂದೆ ಬಂದು ಹೋದ್ವು!"

"ಏನಂತ ಹೇಳಿ ಕಳಿಸ್ಲವ್ವ? ನಿನ್ ಅತ್ತೆ ಮನೆಯೋರ್ ಮುಂದೆ, ನಿನ್ನ ತವರು ಇಲ್ಲ ಅಂತ ಹೇಳಿಸ್ಲಾ? ನಿಂಗೆ ಗೊತ್ತಾಗೋವರ್ಗೂ ದುಗಿ ಇರ್ತದೆ ಅನ್ನಿಸ್ತು. ನಿನ್ನೊಬ್ಳ ಹತ್ರಾನಾದ್ರೂ ಇರ್ಲಿ ಅಂತ ಬಿಟ್ಟೆ."

ಅಪ್ಪ ಮಗಳು ಆ ಗಂಜಿಯನ್ನು ಹಂಚಿಕೊಂಡು ಉಂಡರು. ಮುಗಿದ ಮೇಲೆ ಅವನು ಬಟ್ಟಲನ್ನು ಗುಡ್ಡೆಯ ಮೇಲೆ ಎಸೆದ.

ಮನೆಯೆಂದರೆ ಇಕ್ಕಟ್ಟಿನ ಓಣಿಯಲ್ಲಿ ಗುಡಿಯವರು ಕೊಟ್ಟ ಒಂದು ಕೋಣೆ. ಕುತ್ತಿಗೆ ಬಗ್ಗಿಸದೆ ಒಳಗೆ ಹೋಗುವ ಹಾಗಿರಲಿಲ್ಲ. ದುಗಿಯಿಂದ ತಂದ ಬಾಗಿಲನ್ನು ಒಂದು ಗೇಣು ಗಿಡ್ಡ ಮಾಡಿ ಕೂರಿಸಿದ್ದರು. ಅವ್ವ ಗುಡಿಯ ಮಗ್ಗದ ಮನೆಯಿಂದ ಬಂದವಳೇ ಮೊಮ್ಮಗಳನ್ನು ಕಿತ್ತುಕೊಂಡಳು. ಅವಳ ಮೈ ಕೈ ತುಂಬಿಕೊಂಡಿದ್ದವು. ನಿನ್‌ಹೇದು ಅವ್ವನ ಕೊರಳಿಗೆ ಬಿದ್ದು, "ಎಂಥಾ ಗತಿ ಬಂತವ್ವ ನಿಮ್ಗೆ," ಎಂದು ಅತ್ತಳು.

"ಯಾರಿಗೆ? ನಂಗಾ?" ಎಂದಳು ಅವ್ವ. "ನಿಮ್ಮಪ್ಪಂಗೆ ಊರು ಹೋಯ್ತು. ನಂದೇನು ಹೋಯ್ತೇ? ಅಲ್ಲಿ ಬೆಳಕು ಹರಿಯೋ ಮುಂಚೆ ಎದ್ದು ಬೀಸ್ತಿದ್ದೆ, ನೀರು ಹೊರ್ತಿದ್ದೆ, ಹೊಲಕ್ಕೆ ಬುತ್ತಿ ಒಯ್ತಿದ್ದೆ. ಇಲ್ಲಿ ನೇಯ್ತೀನಿ, ಉಣ್ತೀನಿ, ಮಗ್ಗುಲಲ್ಲಿ ಮಾತಾಡೋಕೆ ಹದಿನಾಲ್ಕು ಜನ ಹೆಂಗಸ್ರವ್ರೆ. ಕರೆದ್ರೂ ನಾನು ವಾಪಸ್ ಹೋಗಲ್ಲ."

ಅಕಲ್ಲಾ ಗೋಡೆ ನೋಡುತ್ತ ಕುಳಿತಿದ್ದ. ಈ ಮಾತು ಅವನೂ ಮೊದಲ ಸಲ ಕೇಳುತ್ತಿದ್ದನೋ ಏನೋ. ಚಿಕ್ಕಮ್ಮನಿಗೆ ಅಳು ಅಲ್ಲೇ ನಿಂತುಹೋಯಿತು. ಅವ್ವನ ಮುಖ ಗುರುತೇ ಇಲ್ಲದವರ ಮುಖದ ಹಾಗೆ ಕಂಡಿತಂತೆ.

ಚಿಕ್ಕಮ್ಮ ಕೇಳಿದಳು: "ಮತ್ತೆ ಅಜ್ಜಿ?"

ಅಕಲ್ಲನ ತಾಯಿ, ಚಿಕ್ಕಮ್ಮನ ಆ ಅಜ್ಜಿಯನ್ನು ಹೂತದ್ದು ದುಗಿಯ ಮನೆಯ ನೆಲದಡಿ, ಒಲೆಯ ಪಕ್ಕ. ಪ್ರತಿ ತಿಂಗಳು ಆ ಜಾಗದಲ್ಲಿ ನೀರು ಚೆಲ್ಲಿ, ರೊಟ್ಟಿಯ ತುಂಡು ಇಡುತ್ತಿದ್ದರು.

"ಬಾಗಿಲು ತಂದ್ರಿ. ಬೀಸುಕಲ್ಲು ತಂದ್ರಿ. ದೇವೀನೂ ಹೊತ್ಕೊಂಡು ಬಂದ್ರಿ. ಅಜ್ಜಿ ಭಾರ ಆದ್ಲಾ?"

ಅಕಲ್ಲಾ ಎದ್ದ. "ಸನಿಕೆ ತಗೊ. ನಾಳೆ ನಡಿ," ಎಂದ.

ಮರುದಿನ ಮಗುವನ್ನು ಅವ್ವನ ಬಳಿ ಬಿಟ್ಟು ಇಬ್ಬರೂ ಹೋದರು. ದುಗಿಯಲ್ಲಿ ಜನವಿತ್ತು! ಊರವರು ಮರಳಿದ್ದಾರೆ ಎಂದೇ ಒಂದು ಕ್ಷಣ ಚಿಕ್ಕಮ್ಮ ಅಂದುಕೊಂಡಳು. ಹತ್ತಿರ ಹೋದರೆ ಪಟ್ಟಣದ ಇಟ್ಟಿಗೆ ಕೆಲಸದವರು. ಗೋಡೆಗಳನ್ನು ಅಗೆದು, ಬುಟ್ಟಿಗೆ ತುಂಬಿ, ಕತ್ತೆಗಳ ಮೇಲೆ ಹೇರುತ್ತಿದ್ದರು. ಪಟ್ಟಣದ ಸುತ್ತ ಗೋಡೆ ಏಳುತ್ತಿತ್ತು. ಅದಕ್ಕೆ ಹದಗೊಂಡ ಹಳೆಯ ಮಣ್ಣು ಬೇಕಿತ್ತು. ಅಕಲ್ಲನ ಮನೆಯ ಎರಡು ಗೋಡೆ ಆಗಲೇ ಹೋಗಿದ್ದವು.

"ಏಯ್, ಅಲ್ಲಿ ಅಗಿಬೇಡ್ರಿ, ಅದು ನಮ್ ಪಾಲು," ಎಂದು ಒಬ್ಬ ಕೂಗಿದ.

ಅಕಲ್ಲಾ ಸೊಂಟಕ್ಕೆ ಕೈಕೊಟ್ಟು ನಿಂತ. "ಇಲ್ಲಿ ನಮ್ಮವ್ವ ಮಲಗವ್ಳೆ. ಅವಳು ಎದ್ಮೇಲೆ ನೀನು ಅಗಿ."

ಆ ಕೆಲಸಗಾರನೂ ಯಾವುದೋ ಹಳ್ಳಿ ಬಿಟ್ಟು ಬಂದವನೇ. ಗುದ್ದಲಿ ಕೆಳಗಿಟ್ಟು ತಾನೂ ಮಣ್ಣು ಎಳೆದ. ಮೂಳೆಗಳನ್ನು ಚಾಪೆಯಲ್ಲಿ ಸುತ್ತಿ ತಂದು, ಓಣಿಯ ಕೋಣೆಯ ನೆಲ ಅಗೆದು ಮತ್ತೆ ಹೂತರು. ಗುಡಿಯವರ ಕೋಣೆಯ ನೆಲ ಅಗೆದದ್ದಕ್ಕೆ ಮೇಸ್ತ್ರಿ ಅಕಲ್ಲನಿಗೆ ಮೂರು ದಿನ ಗಂಜಿ ಕೊಡಲಿಲ್ಲ. ಓಣಿಯವರು ತಮ್ಮ ಬಟ್ಟಲುಗಳಿಂದ ಒಂದೊಂದು ತುತ್ತು ತೆಗೆದು ಅವನಿಗಿಟ್ಟರು.

ಹುಣ್ಣಿಮೆಗೆ ಚಿಕ್ಕಪ್ಪ ಆ ಕುರುಬನನ್ನು ಕೇಳಿಕೊಂಡು ಪಟ್ಟಣಕ್ಕೆ ಬಂದು ಹೆಂಡತಿ ಮಗಳನ್ನು ಕರೆದುಕೊಂಡು ಹೋದ. ಅಕಲ್ಲಾ ಇನ್ನೂ ಆರು ವರ್ಷ ಇಟ್ಟಿಗೆ ಹೊತ್ತು ತೀರಿಕೊಂಡ. ಅವನ ಹೆಂಡತಿ ಮಗ್ಗದ ಮನೆಯ ಹಿರಿಯಳಾದಳು.

ನನಗೆ ಹದಿನೇಳಕ್ಕೆ ಮದುವೆಯಾಯಿತು, ಜೌಗಿನ ಆಚೆ ದಡಕ್ಕೆ. ಮರುವರ್ಷ ನಾನು ಬಸುರಿ. ಎಂಟು ತಿಂಗಳು ತುಂಬಿದಾಗ, ಹೆರಿಗೆಗೆ ತವರಿಗೆ ಹೊರಡುವ ಸಿದ್ಧತೆಯಲ್ಲಿದ್ದೆ. ಒಂದು ಬೆಳಿಗ್ಗೆ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಒಬ್ಬಳೇ ಹುಟ್ಟು ಹಾಕಿಕೊಂಡು ಬಂದಿದ್ದಳು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು.

"ಕೂತ್ಕೊ," ಎಂದಳು. "ಮೊದ್ಲು ಕೂತ್ಕೊ ಅಂದೆ."

ಕುಳಿತೆ.

"ಜೌಗಿಗೋಸ್ಕರ ಎರಡು ಪಟ್ಟಣದೋರು ಕಿತ್ತಾಡ್ತಿದಾರೆ. ಹೋದ ವಾರ ಬಂದು ನಮ್ಮೂರಿನ ಮೂರು ಮನೆ ಸುಟ್ರು. ನಿಮ್ಮಪ್ಪ ಅವ್ವ ಚೆನ್ನಾಗವ್ರೆ, ಗಾಬರಿಯಾಗ್ಬೇಡ. ಆದ್ರೆ ಊರು ಏಳ್ತಾ ಇದೆ. ಎಲ್ರೂ ಉರುಕ್‌ಗೆ, ಗೋಡೆ ಒಳಕ್ಕೆ. ನೀನು ಬರೋ ಹೊತ್ಗೆ ಅಲ್ಲಿ ಯಾರೂ ಇರಲ್ಲ."

ಕೊಟ್ಟ ಊರುಗಳಲ್ಲಿದ್ದ ನಮ್ಮೂರ ಏಳು ಜನ ಹೆಣ್ಣುಮಕ್ಕಳಿಗೂ ಅವಳೇ ಹೀಗೆ ಹೋಗಿ ಹೇಳುತ್ತಿದ್ದಳು. ನನ್ನದು ನಾಲ್ಕನೆಯ ಮನೆ. ನಾನು ಅವಳ ಕಥೆ ನೂರು ಸಲ ಕೇಳಿದವಳು. ಆದರೂ ಕಿವಿಯಲ್ಲಿ ಗುಂಯ್ಯೆಂದಿತು. ಮುಂದೆ ಅವಳ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು: "ಹಂಗಾದ್ರೆ ನಾನು ಎಲ್ಲಿ ಹೆರ್ಲಿ ಚಿಕ್ಕವ್ವ?"

"ನಮ್ಮವ್ವನ ಕೋಣೆಯಲ್ಲಿ. ಒಂದೇ ಕೋಣೆ. ಗಂಡಸ್ರನ್ನ ಓಣಿಗೆ ಅಟ್ಟಿದ್ರಾಯ್ತು. ಎದ್ದೇಳು, ದೋಣಿ ಕಾಯ್ತಿದೆ. ದಾರೀಲಿ ಇನ್ನೂ ಮೂರು ಊರಿಗೆ ಹೋಗ್ಬೇಕು ನಾನು."