ಹುಳದ ಮನೆಯ ರೇಡಿಯೊ

ಸುಗಟೂರಿನಲ್ಲಿ ನಮ್ಮ ಪಕ್ಕದ ಮನೆಯ ಅಮ್ಮ ರೇಷ್ಮೆಹುಳ ಸಾಕುತ್ತಿದ್ದರು. ಹುಳದ ಮನೆಯ ಕಿಟಕಿಯಲ್ಲಿ ಒಂದು ರೇಡಿಯೊ. ಬೆಳಗಿನ ವಾರ್ತೆಗೆ ಹುಳಕ್ಕೆ ಮೊದಲ ಹಿಪ್ಪುನೇರಳೆ ಸೊಪ್ಪು, ರೈತರ ಕಾರ್ಯಕ್ರಮಕ್ಕೆ ಕಸ ತೆಗೆಯುವುದು, ಡಾಕ್ಟರ ಸಲಹೆ ಬರುವಾಗ ಇವರ ಊಟ, ಸಂಜೆ ನಾಟಕಕ್ಕೆ ಮತ್ತೆ ಸೊಪ್ಪು. ಮೊಬೈಲೂ ಇತ್ತು, ಅದರಲ್ಲಿ ಅವರು ಟೈಮು ನೋಡಿದ್ದನ್ನು ನಾನು ಕಾಣೆ. ಹುಳ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಸೌಂಡು ಇಳಿಸುತ್ತಿದ್ದರು. ಆಫ್ ಮಾತ್ರ ಮಾಡುತ್ತಿರಲಿಲ್ಲ. ಯಾರೇ ಬಂದು ಏನೇ ಕೇಳಿದರೂ ಕೈ ಎತ್ತಿ, "ಇರಿ, ಅವರ ಮಾತು ಮುಗೀಲಿ" ಅನ್ನೋರು. ಅಳಿಯ ಬಂದಾಗಲೂ ಅಷ್ಟೇ. ವಾರ್ತೆ ಮುಗಿಯುವ ತನಕ ಆತ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಿದ್ದ.

ಹಿತ್ತಲ ಗೋಡೆಯಾಚೆ ಇವರ ಓರಗಿತ್ತಿಯ ಮನೆ. ಆಕೆಯೂ ಹುಳ ಸಾಕುತ್ತಿದ್ದಳು. ಆಸ್ತಿ ಪಾಲಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಇವರ ಹುಳ ಇನ್ನೇನು ಗೂಡು ಕಟ್ಟಬೇಕು, ಅಂಥ ಹಸಿವಿನ ಹೊತ್ತಿಗೇ ತೋಟದಲ್ಲಿ ಸೊಪ್ಪು ಮುಗಿಯಿತು. ಓರಗಿತ್ತಿಯ ಮನೆಯೊಂದು ಬಿಟ್ಟು ನಾನು ಊರೆಲ್ಲ ವಿಚಾರಿಸಿದೆ, ಎಲ್ಲೂ ಸಿಗಲಿಲ್ಲ. ಅದನ್ನು ಹೇಳಲು ಬಂದವನು, ನಾಟಕ ಮುಗಿಯಲಿ ಎಂದು ಬಾಗಿಲಲ್ಲಿ ಕಾಯುತ್ತಿದ್ದೆ. ರೇಡಿಯೊದಲ್ಲಿ ಯಾರದೋ ಅತ್ತೆ ಅಳುತ್ತಿದ್ದಳು. ಆಗ ಗೋಡೆಯಾಚೆಯಿಂದ ಓರಗಿತ್ತಿಯ ದನಿ ಬಂತು:

"ಅಕ್ಕಾ, ನಮ್ ಹುಳ ಎಲ್ಲಾ ಹೋಯ್ತು. ಸೊಪ್ಪು ತೋಟದಾಗೆ ಹಂಗೇ ಐತೆ..."

ಇವರು ರೇಡಿಯೊ ಟಪ್ಪಂತ ಆಫ್ ಮಾಡಿದರು. ನಾನು ಬಾಯಿ ತೆಗೆದೆ. ಕೈ ಎತ್ತಿದರು.

"ಇರಪ್ಪ, ಅವಳ ಮಾತು ಮುಗೀಲಿ."