ಮೆಣಸಿನ ಬಳ್ಳಿ ಕೇಳಿಕೊಂಡು ಬಂದವರು

ಮೊನ್ನೆ ಕಾರಿನಲ್ಲಿ ಬಂದ ಇಬ್ಬರು ಗಂಡಸರು ನಮ್ಮ ಅಂಗಳದಲ್ಲಿ ನಿಂತು, ಮೆಣಸಿನ ಬಳ್ಳಿ ಸಿಗುತ್ತದೆಯೇ ಎಂದು ಕೇಳಿದರು. ಕೇಳಿದ್ದು ನನ್ನನ್ನು, ನೋಡಿದ್ದು ಪಕ್ಕದ ಮನೆಯನ್ನು. ನಮ್ಮ ಮೂಡಿಗೆರೆ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತು: ಹೆಣ್ಣಿನ ಕಡೆಯವರು, ಹುಡುಗನ ಗುಣ ವಿಚಾರಿಸಲು ಬಂದಿದ್ದಾರೆ. ಬಳ್ಳಿಯ ಮಾತು ಬರೀ ಮರ್ಯಾದೆಗೆ. ಕೂರಿಸಿ ಕಾಫಿ ತರಿಸಿದೆ. ಅಷ್ಟರಲ್ಲಿ ಲಾರೆನ್ಸಣ್ಣ ನೆನಪಾದರು.

ಲಾರೆನ್ಸಣ್ಣ ನಮ್ಮ ಇನ್ನೊಂದು ಪಕ್ಕದ ಬೇಲಿಯಾಚೆಯ ಸಣ್ಣ ತೋಟದವರು, ಅಪ್ಪನ ಗೆಳೆಯರು. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು. ಅವರ ಹಳೆಯ ಜೀಪು ಎಲ್ಲ ಏರಿನಲ್ಲೂ ನಿಂತು, ಇಗರ್ಜಿಯ ಏರನ್ನು ಮಾತ್ರ ಒಂದೇ ಉಸಿರಿಗೆ ಹತ್ತುತ್ತಿತ್ತು. ಅದು ದೇವರ ಕೃಪೆ ಎಂದು ಯಾರಾದರೂ ಅಂದರೆ, ಇಲ್ಲ, ಅದಕ್ಕೆ ಮೊದಲು ಇಳಿಜಾರಿದೆ ಎನ್ನುತ್ತಿದ್ದರು. ಇಂಥ ಮನುಷ್ಯನ ಬಳಿ ಹಿಂದೊಮ್ಮೆ ನನ್ನ ಗುಣ ವಿಚಾರಿಸಲು ಬಂದವರೂ ಮೆಣಸಿನ ಬಳ್ಳಿಯನ್ನೇ ಕೇಳಿದ್ದರಂತೆ. ಲಾರೆನ್ಸಣ್ಣ ನಿಜವಾಗಿಯೂ ಒಂದು ಹೊರೆ ಬಳ್ಳಿ ಕತ್ತರಿಸಿ ಕೊಟ್ಟು, ಆಮೇಲೆ, ಹುಡುಗ ದುಡಿಯುತ್ತಾನೆ, ಕುಡಿಯುವುದಿಲ್ಲ, ಆದರೆ ಸಿಟ್ಟು ಬಂದರೆ ಊಟದ ತಟ್ಟೆ ಅಂಗಳಕ್ಕೆ ಬರುತ್ತದೆ ಎಂದರು. ಸಂಬಂಧ ಮುರಿಯಿತು. ಬಳ್ಳಿ ಚೆನ್ನಾಗಿ ಹಬ್ಬಿದೆಯೆಂದು ಆಮೇಲೆ ಕೇಳಿದೆ.

ಅಮ್ಮ ಅವರಿಗೆ ಕಡುಬು ಕಳಿಸುವುದನ್ನು ನಿಲ್ಲಿಸಿದಳು. ನಾನು ಸಿಟ್ಟಿನವನಲ್ಲ ಎಂದು ತೋರಿಸಲು ಒಂದು ತಟ್ಟೆ ಎಸೆದೆ. ಅದರ ಸದ್ದಿಗೆ ಲಾರೆನ್ಸಣ್ಣ ಬೇಲಿಯ ಗೇಟು ತೆಗೆದು ಬಂದು ಜಗಲಿಯಲ್ಲಿ ಕೂತರು.

"ಒಂದು ಸುಳ್ಳು ಹೇಳ್ಬಹುದಿತ್ತಲ್ಲ ಲಾರೆನ್ಸಣ್ಣ," ಎಂದಳು ಅಮ್ಮ.

"ಆ ಹುಡುಗಿನೂ ಒಬ್ರ ಮನೆ ಮಗಳಲ್ವಾ ಅಕ್ಕ. ಅವಳಿಗೆ ಸುಳ್ಳು ಹೇಳಿ, ಭಾನುವಾರ ದೇವ್ರ ಮುಂದೆ ಹೆಂಗೆ ಮಂಡಿ ಊರ್ಲಿ? ಮುಂದಿನ ಸಲ ನಾನೇ ಜೊತೆಗೆ ಬರ್ತೀನಿ."

ಇದು ಸಮಾಧಾನವೋ ಬೆದರಿಕೆಯೋ ನಮಗೆ ತಿಳಿಯಲಿಲ್ಲ. ಬಂದೇ ಬಂದರು. ಕಳಸದಲ್ಲಿ ಹೆಣ್ಣು ನೋಡುವಾಗ, ಉಪ್ಪಿಟ್ಟು ತಿನ್ನುತ್ತಾ, ಯಾರೂ ಕೇಳದೆಯೇ ನನ್ನ ಸಿಟ್ಟಿನ ವಿಷಯ ತೆಗೆದರು. ಎಲ್ಲರೂ ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ಆಮೇಲೆ ಅವರು ಹುಡುಗಿಯ ಕಡೆ ತಿರುಗಿ, "ಇವ್ನಿಗೆ ಸಿಟ್ಟು ಬಂದಾಗ ನನ್ನ ಕರಿಯಮ್ಮ. ಬೇಲಿ ಪಕ್ಕದಲ್ಲೇ ಇರ್ತೀನಿ," ಎಂದರು. ಹುಡುಗಿ ಒಪ್ಪಿದಳು. ನನ್ನನ್ನು ನೋಡಿಯೇ ಒಪ್ಪಿದ್ದೆಂದು ನಾನು ಬಹಳ ಕಾಲ ನಂಬಿದ್ದೆ.

ಅವಳು ಕರೆದಾಗಲೆಲ್ಲ ಅವರು ಬಂದರು ನೋಡಿ. ಮಳೆಯಲ್ಲಿ ಬಂದರು, ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಬಂದರು, ಶುಭ ಶುಕ್ರವಾರ ಉಪವಾಸದ ಹೊಟ್ಟೆಯಲ್ಲೂ ಬಂದರು. ಬುದ್ಧಿವಾದ ಹೇಳುತ್ತಿರಲಿಲ್ಲ. ನನ್ನ ಪಕ್ಕ ಕೂತು ತಮ್ಮ ಜೀಪಿನ ರೋಗಗಳನ್ನು ವಿವರಿಸುತ್ತಿದ್ದರು. ಆ ಮಾತು ಮುಗಿಯುವ ತನಕ ಕಾಯಲಾರದೆ ಸಿಟ್ಟು ಎದ್ದು ಹೋಗುತ್ತಿತ್ತು. ಕೊನೆಕೊನೆಗೆ, ಮಂಡಿನೋವಿನಲ್ಲಿ ಅವರು ಗೇಟು ದಾಟುವ ಪಾಡು ನೋಡಲಾರದೆ ನಾನು ಸಿಟ್ಟು ಮಾಡುವುದನ್ನೇ ಬಿಟ್ಟೆ. ಅವರನ್ನು ಮಣ್ಣು ಮಾಡಿ ಬಂದ ದಿನ ನನ್ನ ಹೆಂಡತಿ ಆ ಬೇಲಿಯನ್ನು ನೋಡುತ್ತಾ ಅತ್ತಳು. ನಾನೂ ಅತ್ತೆ.

ಬಂದವರು ಕಾಫಿ ಕುಡಿದು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಪಕ್ಕದ ಮನೆಯ ಹುಡುಗ ಒಳ್ಳೆಯವನು. ಇಸ್ಪೀಟಿಗೆ ಕೂತರೆ ಮಾತ್ರ ಮನೆ ಮರೆಯುತ್ತಾನೆ. 'ಚಿನ್ನದಂಥ ಹುಡುಗ' ಎಂಬ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

ಎದ್ದು ಹೋಗಿ ಒಂದು ಹೊರೆ ಬಳ್ಳಿ ಕತ್ತರಿಸಿ ತಂದುಕೊಟ್ಟೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಿಮ್ಮ ಹುಡುಗಿ ಆ ಮನೆಗೆ ಬಂದ್ರೆ, ಯಾವಾಗ ಬೇಕಾದ್ರೂ ನನ್ನ ಕರೀಲಿ," ಎಂದೆ.

ಅವರು ಹೋದ ಮೇಲೆ ಆ ಹುಡುಗನ ಮನೆ ಕಡೆಯ ಬೇಲಿಯ ಗೇಟು ತೆಗೆದು ನೋಡಲು ಹೋದೆ. ಎಷ್ಟೋ ವರ್ಷದಿಂದ ಮುಚ್ಚಿದ್ದು, ತುಕ್ಕು ಹಿಡಿದು ಅಲುಗಲಿಲ್ಲ. ಹೆಂಡತಿ ಎಣ್ಣೆ ತಂದುಕೊಟ್ಟಳು.